ತಗಡಿನ ಡಬ್ಬಿಯಲ್ಲಿ ಬೋರ್ಡ್ ಕೂರಿಸುವುದು ಹೇಗೆ?

ಪ್ರಶ್ನೆ: ಗದ್ದೆಯ ಪಂಪ್‌ಸೆಟ್ಟಿಗೆಂದು ಆರ್ಡುಯಿನೊ ಊನೊ (ಪ್ರೋಗ್ರಾಂ ಹಾಕಬಹುದಾದ ಚಿಕ್ಕ ಸರ್ಕ್ಯೂಟ್ ಬೋರ್ಡು) ಮತ್ತು ರಿಲೇ (ವಿದ್ಯುತ್ತಿನಿಂದಲೇ ನಡೆಯುವ ಸ್ವಿಚ್ಚು) ಸೇರಿಸಿ ಮಾಡಿದ ಕಂಟ್ರೋಲರನ್ನು ಡಬಲ್ ಸೈಡ್ ಟೇಪಿನಿಂದ ತಗಡಿನ ಡಬ್ಬಿಯೊಳಗೆ ಅಂಟಿಸಿದ್ದೆ. ಬೇಸಿಗೆಯಲ್ಲಿ ಟೇಪು ಬಿಟ್ಟುಕೊಂಡು ಊನೊ ಸುಟ್ಟುಹೋಯಿತು. ಮೈಸೂರಿನಿಂದ ತಂದ ಎಂ3 (3 ಮಿ.ಮೀ. ದಪ್ಪದ) ಸ್ಕ್ರೂ ಹೊಸ ಊನೊಗೆ ಹಿಡಿಸುತ್ತದೆ, ಮಗನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಹಿಡಿಸುವುದಿಲ್ಲ. ರಂಧ್ರ ದೊಡ್ಡದು ಮಾಡಬಹುದೇ? ಬೋರ್ಡನ್ನು ತಗಡಿನಿಂದ ಎತ್ತಿ ಹಿಡಿಯುವ ಸ್ಪೇಸರ್ ಹಿತ್ತಾಳೆಯದಿರಲೋ, ನೈಲಾನಿನದೋ?
— ಓದುಗರು, ಮಂಡ್ಯ

ಉತ್ತರ: ಪೈ ಬೋರ್ಡಿಗೆ ಡ್ರಿಲ್ ಹಿಡಿಯಬೇಡಿ. ಅದರ ಒಳಪದರಗಳಲ್ಲೂ ತಾಮ್ರ ಹರಡಿಕೊಂಡಿರುವುದರಿಂದ ಕೊರೆದಾಗ ಪದರಗಳು ಒಂದಕ್ಕೊಂದು ತಾಗುವ ಅಪಾಯವಿದೆ. ಊನೊ ರಂಧ್ರದ ವ್ಯಾಸ ಸುಮಾರು 3.2 ಮಿ.ಮೀ., ಪೈ ರಂಧ್ರದ್ದು ಸುಮಾರು 2.7 ಮಿ.ಮೀ.; ಎರಡನೆಯದಕ್ಕೆ ಎಂ2.5 ಸ್ಕ್ರೂ ಕೊಂಡರೆ ಸಾಕು.

ಬೋರ್ಡಿನ ಅಡಿಯನ್ನು ಬೆರಳಿನಿಂದ ಸವರಿ ನೋಡಿದರೆ ಬೆಸುಗೆಯ ಮೊನೆಗಳು ಚುಚ್ಚುತ್ತವೆ. ಟೇಪು ಸಡಿಲಗೊಂಡಾಗ ಅವೇ ತಗಡಿಗೆ ತಾಗಿರಬೇಕು. ಆದ್ದರಿಂದ 10 ಮಿ.ಮೀ. ಎತ್ತರದ ಸ್ಪೇಸರ್ ಹಾಕಿ. ಪಂಪ್ ಮನೆಯ ನಡುಕಕ್ಕೆ ಹಿತ್ತಾಳೆಯೇ ಗಟ್ಟಿ. ನೈಲಾನ್ ಸ್ಕ್ರೂವಿನ ತಲೆ ಸ್ವಲ್ಪ ಹೆಚ್ಚು ತಿರುವಿದರೂ ಮುರಿದು ಕೈಗೆ ಬರುತ್ತದೆ. ಆದರೆ 230 ವೋಲ್ಟ್ ಹರಿಯುವ ರಿಲೇ ಬೋರ್ಡಿನ ಅಡಿಗೆ ಮಾತ್ರ ನಾನು ವಿದ್ಯುತ್ ಹರಿಸದ ನೈಲಾನನ್ನೇ ಹಾಕುತ್ತೇನೆ. ಡಬ್ಬಿಗೆ ಅರ್ಥಿಂಗ್ ಕೊಡುವುದನ್ನಂತೂ ಯಾವ ಕಾರಣಕ್ಕೂ ಬಿಡಬೇಡಿ.

ಊನೊದಲ್ಲಿ ಎಸ್‌ಸಿಎಲ್ ಪಿನ್ನಿನ ಪಕ್ಕದ ರಂಧ್ರ ಹೆಡರಿಗೆ (ವೈರು ಚುಚ್ಚುವ ಪಟ್ಟಿಗೆ) ತೀರಾ ಒತ್ತಿಕೊಂಡಿರುವುದರಿಂದ ಅಗಲ ತಲೆಯ ಸ್ಕ್ರೂ ಅಲ್ಲಿ ನೆಟ್ಟಗೆ ಕೂರುವುದಿಲ್ಲ. ಅದೊಂದಕ್ಕೆ ಚಿಕ್ಕ ತಲೆಯದನ್ನು ಹುಡುಕಿ, ಇಲ್ಲವೇ ಮೂರೇ ಸ್ಕ್ರೂ ಹಾಕಿ, ಬೋರ್ಡು ಅಲ್ಲಾಡದು. ಅದರ ನಾಲ್ಕು ರಂಧ್ರಗಳು ಆಯತಾಕಾರದಲ್ಲಿಯೂ ಇಲ್ಲದ ಕಾರಣ ಸ್ಕೇಲಿನಿಂದ ಅಳೆದು ಗುರುತು ಹಾಕುವ ಬದಲು, ಬೋರ್ಡನ್ನೇ ತಗಡಿನ ಮೇಲಿಟ್ಟು ರಂಧ್ರದೊಳಗಿಂದ ಮೊನಚು ಪೆನ್ಸಿಲಿನಲ್ಲಿ ಗುರುತಿಸಿಕೊಳ್ಳುವುದೇ ಸುಲಭ. ಕೊರೆಯುವಾಗ ಬೋರ್ಡನ್ನು ದೂರವಿಡಿ. ತಗಡಿನ ಒಂದು ಚೂರು ಪಿನ್ನುಗಳ ನಡುವೆ ಸಿಕ್ಕಿಕೊಂಡರೂ ಹಳೆಯ ಕತೆಯೇ ಮರುಕಳಿಸೀತು.

ಎಲ್ಲ ಸ್ಕ್ರೂಗಳನ್ನೂ ಮೊದಲು ಬೆರಳಿನಲ್ಲೇ ತಿರುವಿ, ಬೋರ್ಡು ಎಲ್ಲಿಯೂ ಬಾಗಿಲ್ಲವೆಂದು ನೋಡಿಕೊಂಡು, ಆಮೇಲೆ ಸ್ಕ್ರೂಡ್ರೈವರಿನಿಂದ ಕಾಲು ಸುತ್ತು ಬಿಗಿ ಮಾಡಿ. ಬಾಗಿದ ಬೋರ್ಡಿನ ಮೇಲೆ ಸಣ್ಣ ಸೆರಾಮಿಕ್ ಕೆಪಾಸಿಟರುಗಳು ಕಣ್ಣಿಗೆ ಕಾಣದಂತೆ ಬಿರುಕು ಬಿಡುತ್ತವೆ. ಡಬ್ಬಿಯ ಹೊರಬದಿಯ ನಟ್ಟಿನಡಿ ಸ್ಪ್ರಿಂಗ್ ವಾಷರ್ ಇರಲಿ.