ಬೇರೆ ಬೇರೆ ಊರಿನ ರೋಗಿಗಳಿಗೆ ಒಂದೇ ಆಹಾರದಿಂದ ಸೋಂಕು ಬಂತೆಂದು ಹೇಗೆ ಪತ್ತೆ ಹಚ್ಚುತ್ತಾರೆ?

ರೋಗಿಗಳಿಂದಲೂ ಆಹಾರದಿಂದಲೂ ಬೆಳೆಸಿದ ಬ್ಯಾಕ್ಟೀರಿಯಾದ ಡಿಎನ್‌ಎಯನ್ನು ಪೂರ್ತಿ ಓದಿ ಹೋಲಿಸುತ್ತಾರೆ. ಬ್ಯಾಕ್ಟೀರಿಯಾ ಎರಡಾಗುವಾಗ ಅಪರೂಪಕ್ಕೆ ಡಿಎನ್‌ಎಯ ಒಂದು ಅಕ್ಷರ (ಅದರ ಸರಪಳಿಯ ಒಂದು ಘಟಕ) ತಪ್ಪಾಗಿ ನಕಲಾಗುತ್ತದೆ. ಆ ತಪ್ಪು ಮುಂದಿನ ಪೀಳಿಗೆಗೂ ಇಳಿಯುತ್ತದೆ. ಹಾಗಾಗಿ ವ್ಯತ್ಯಾಸ ಕಡಿಮೆಯಿದ್ದಷ್ಟೂ ನಂಟು ಹತ್ತಿರದ್ದು.

ಆಹಾರದಿಂದ ಹರಡುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾವನ್ನೇ ನೋಡಿ. ಅದರ ಡಿಎನ್‌ಎಯಲ್ಲಿ ಸುಮಾರು 29 ಲಕ್ಷ ಅಕ್ಷರಗಳಿವೆ. ಪ್ರಚಲಿತ ವಿಧಾನವೊಂದರಲ್ಲಿ 1,748 ಜೀನ್‌ಗಳನ್ನು ಹೋಲಿಸಿ, ವ್ಯತ್ಯಾಸವಿರುವ ಜೀನ್‌ಗಳು 7ನ್ನು ಮೀರದಿದ್ದರೆ ಒಂದೇ ಗುಂಪು ಎನ್ನುತ್ತಾರೆ. ಬರೀ 7 ಜೀನ್ ನೋಡುವ ಹಳೆಯ ವಿಧಾನ ವಂಶ ಹೇಳುತ್ತದೆ, ಮನೆ ಹೇಳುವುದಿಲ್ಲ.

ಲಿಸ್ಟೀರಿಯಾದ ಲಕ್ಷಣ ಕಾಣಲು 70 ದಿನವೂ ಹಿಡಿಯಬಹುದು. ಎರಡು ತಿಂಗಳ ಹಿಂದೆ ತಿಂದದ್ದು ಯಾರಿಗೆ ನೆನಪಿರುತ್ತದೆ? 2017–18ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಇದು ತಗುಲಿ, 200ಕ್ಕೂ ಹೆಚ್ಚು ಮಂದಿ ಸತ್ತರು. ಹೆಚ್ಚಿನ ರೋಗಿಗಳಲ್ಲಿ ಸಿಕ್ಕಿದ್ದು ಎಸ್‌ಟಿ6 ಎಂಬ ಒಂದೇ ತಳಿ. ಸೊವೆಟೊದ ಶಿಶುವಿಹಾರವೊಂದರ ಮಕ್ಕಳ ಕಾಯಿಲೆಯ ಜಾಡು ಹಿಡಿದಾಗ, ಪೊಲೊನಿ ಎಂಬ ಸಂಸ್ಕರಿಸಿದ ಮಾಂಸದ ಮೂಲಕ ಪೊಲೊಕ್ವಾನೆಯ ಕಾರ್ಖಾನೆಯೊಳಗೆ ಅದೇ ತಳಿ ಸಿಕ್ಕಿತು.

ಎಡವುವುದು ಎಲ್ಲಿ? ಬ್ಯಾಕ್ಟೀರಿಯಾ ಬೆಳೆಸುವ ಪ್ರಯೋಗಾಲಯದ ತಟ್ಟೆಯಿಂದ ಒಂದೇ ಕಾಲೊನಿ (ಒಂದೇ ಬ್ಯಾಕ್ಟೀರಿಯಾದಿಂದ ಬೆಳೆದ ಚುಕ್ಕೆ) ಎತ್ತದೆ ಎರಡು ತಳಿ ಬೆರೆತರೆ ಹೋಲಿಕೆಯೇ ಕೆಡುತ್ತದೆ. ಡಿಎನ್‌ಎ ಹೊಂದಿದರೂ ಸಾಲದು: ಮಾಂಸ ಕತ್ತರಿಸುವ ಅಂಗಡಿಯ ಯಂತ್ರದಿಂದಲೂ ಅದೇ ತಳಿ ಬೇರೆ ಮಾಂಸಕ್ಕೆ ಅಂಟಬಹುದು. ಆದ್ದರಿಂದ ಯಾರು ಏನು ತಿಂದರು ಎಂಬ ವಿಚಾರಣೆ ತಪ್ಪಿದ್ದಲ್ಲ.