ಹೈಕೋರ್ಟ್‌ನಲ್ಲಿ ಸೋತ ಮೇಲೆ ಸುಪ್ರೀಂ ಕೋರ್ಟ್ ಕೇಸು ಕೇಳಲೇಬೇಕೇ?

ಧಾರವಾಡ ಪೀಠದಲ್ಲಿ ನಿಮ್ಮ ಜಮೀನಿನ ಎರಡನೇ ಮೇಲ್ಮನವಿ ವಜಾ ಆಗಿದೆ, ಸುಪ್ರೀಂ ಕೋರ್ಟ್ ಅದನ್ನು ಕೇಳಲೇಬೇಕಲ್ಲವೇ ಎಂದು ಕೇಳಿದ್ದೀರಿ. ಕೇಳಲೇಬೇಕೆಂದಿಲ್ಲ. ಸಂವಿಧಾನದ 136ನೇ ವಿಧಿ ಕೊಡುವುದು ಮೇಲ್ಮನವಿಯ ಹಕ್ಕನ್ನಲ್ಲ, ಅನುಮತಿ ಬೇಡುವ ಅವಕಾಶವನ್ನು. ಅದಕ್ಕೇ ಅದರ ಹೆಸರು ವಿಶೇಷ ಅನುಮತಿ ಅರ್ಜಿ, ಅಂದರೆ ಎಸ್‌ಎಲ್‌ಪಿ.

ತೀರ್ಪಿನ ದಿನದಿಂದ 90 ದಿನದೊಳಗೆ ಸಲ್ಲಿಸಬೇಕು. ತಡವಾದರೆ ವಿಳಂಬ ಮನ್ನಿಸಲು ಬೇರೆ ಅರ್ಜಿ ಬೇಕು, ಕಾರಣವನ್ನು ದಾಖಲೆಯೊಂದಿಗೆ ತೋರಿಸಬೇಕು. ವಕೀಲರ ಮೂಲಕ ಸಲ್ಲಿಸುವುದಾದರೆ ಅವರು ಅಡ್ವೊಕೇಟ್ ಆನ್ ರೆಕಾರ್ಡ್, ಅಂದರೆ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಸಲ್ಲಿಸಲು ನೋಂದಾಯಿತರಾದ ವಕೀಲರು ಆಗಿರಬೇಕು. ನಿಮ್ಮೂರಿನ ವಕೀಲರು ಅವರ ಮೂಲಕವೇ ಹೋಗಬೇಕು.

ಸಾಮಾನ್ಯವಾಗಿ ಇಬ್ಬರು ನ್ಯಾಯಮೂರ್ತಿಗಳು ಫೈಲು ಮೊದಲೇ ಓದಿಕೊಂಡು ಬಂದಿರುತ್ತಾರೆ. ವಾದಕ್ಕೆ ಸಿಗುವುದು ಕೆಲವೇ ನಿಮಿಷ. ಹಾಗಾಗಿ ಸಾರಾಂಶ ಮತ್ತು ದಿನಾಂಕಗಳ ಪಟ್ಟಿಯೇ ನಿಮ್ಮ ನಿಜವಾದ ವಾದ. ಹೆಚ್ಚಿನವರು ಎಡವುವುದು ಇಲ್ಲೇ: 'ಸಾಕ್ಷ್ಯವನ್ನು ತಪ್ಪಾಗಿ ನೋಡಿದ್ದಾರೆ' ಎಂದು ಪುಟಗಟ್ಟಲೆ ಬರೆಯುತ್ತಾರೆ. ಮೂರು ಕೋರ್ಟುಗಳು ಒಂದೇ ಮಾತು ಹೇಳಿದ್ದರೆ ಸಂಗತಿಯ ಪ್ರಶ್ನೆಗೆ ಅಲ್ಲಿ ಕಿವಿಗೊಡುವುದು ತೀರಾ ಅಪರೂಪ. ಕಾನೂನಿನ ಗಂಭೀರ ಪ್ರಶ್ನೆಯನ್ನೋ ಕಣ್ಣಿಗೆ ರಾಚುವ ಅನ್ಯಾಯವನ್ನೋ ಮೊದಲ ಪುಟದಲ್ಲೇ ತೋರಿಸಿ. ಕೆಳಗೆ ಎತ್ತದ ಹೊಸ ಸಂಗತಿಯನ್ನು ಅನುಮತಿಯಿಲ್ಲದೆ ಸೇರಿಸುವಂತಿಲ್ಲ.

ಕೋರ್ಟ್ ಎದುರು ಪಕ್ಷಕ್ಕೆ ನೋಟಿಸ್ ಕೊಟ್ಟಿತೆಂದರೆ ನೀವು ಗೆದ್ದಂತಲ್ಲ. ಅನುಮತಿ ಸಿಕ್ಕಿದ ಮೇಲಷ್ಟೇ ಅದು ಸಿವಿಲ್ ಅಪೀಲು.

ಕಾರಣ ಹೇಳದೆ ಒಂದೇ ಸಾಲಿನಲ್ಲಿ ವಜಾ ಮಾಡಿದರೆ ಹೈಕೋರ್ಟ್ ತೀರ್ಪು ಸರಿ ಎಂದು ಸುಪ್ರೀಂ ಕೋರ್ಟ್ ಒಪ್ಪಿತೆಂದು ಅರ್ಥವಲ್ಲ. ಆಗಲೂ ಹೈಕೋರ್ಟಿನಲ್ಲಿ ಪುನರ್‌ಪರಿಶೀಲನೆ ಕೇಳಬಹುದು. ಕೊಳ್ಳೇಗಾಲದ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ ಮತ್ತು ಖೋಡೆ ಡಿಸ್ಟಿಲರೀಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದ 2019ರ ತೀರ್ಪನ್ನು ನಿಮ್ಮ ವಕೀಲರಿಗೆ ತೋರಿಸಿ.