ಅರ್ಧ ನಿಮಿಷದ ಕಿತ್ತಳೆ ದೀಪಕ್ಕೆ ಸ್ವಿಚ್ ವಾಪಸ್ ಕೊಡಬೇಡಿ

ಅಣ್ಣಾ, ಹೋಂಸ್ಟೇಯಿಂದ ಕಾಫಿ ಕಣದ ಕ್ಯಾಮೆರಾ ಸ್ವಿಚ್‌ಗೆ (ನೆಟ್ ಕೇಬಲ್‌ಗಳನ್ನು ಒಟ್ಟು ಸೇರಿಸುವ ಪೆಟ್ಟಿಗೆ) ಎರಡನೇ ಕೇಬಲ್ ಎಳೆದ ಕೂಡಲೇ ನೆಟ್ ನಿಂತಿತು ಅಂದಿರಿ. ಈಗ ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್) ಹಾಕಿದ ಮೇಲೆ ಪೋರ್ಟ್ ದೀಪ ಅರ್ಧ ನಿಮಿಷ ಕಿತ್ತಳೆಯಾಗೇ ಇರುತ್ತದೆ ಅಂತ ಬೇಜಾರು. ಹೊಸ ಸ್ವಿಚ್ ಸರಿಯಾಗೇ ಇದೆ.

ಮೊದಲು ಆದದ್ದು ಲೂಪ್, ಅಂದರೆ ಡೇಟಾ ಸುತ್ತುತ್ತಲೇ ಇರುವ ದಾರಿ. ಬ್ರಾಡ್‌ಕಾಸ್ಟ್ (ಎಲ್ಲರಿಗೂ ಅಂತ ಕಳಿಸಿದ ಸಂದೇಶ) ಬಂದರೆ, ಬಂದ ಪೋರ್ಟ್ ಬಿಟ್ಟು ಉಳಿದೆಲ್ಲ ಪೋರ್ಟಿಗೂ ಸ್ವಿಚ್ ಅದನ್ನು ಕಳಿಸುತ್ತದೆ. ಎರಡು ದಾರಿ ಇದ್ದರೆ ಅದು ಸುತ್ತಿ ವಾಪಸ್ ಬರುತ್ತದೆ. ‘ಇಷ್ಟು ಸುತ್ತಾಯ್ತು, ಸಾಕು’ ಅನ್ನುವ ಲೆಕ್ಕ ಈಥರ್ನೆಟ್ ಫ್ರೇಮ್‌ನಲ್ಲಿ, ಅಂದರೆ ಕೇಬಲ್‌ನಲ್ಲಿ ಹೋಗುವ ಡೇಟಾ ತುಣುಕಿನಲ್ಲಿ, ಇಲ್ಲವೇ ಇಲ್ಲ. ನಮ್ಮ ತೋಟದಲ್ಲೂ ಒಮ್ಮೆ ನೇತಾಡುತ್ತಿದ್ದ ಕೇಬಲ್ ತುದಿಯನ್ನು ಯಾರೋ ಖಾಲಿ ಪೋರ್ಟಿಗೆ ಚುಚ್ಚಿದ್ದರು. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್‌ನಲ್ಲಿತ್ತು! ದೀಪಗಳೆಲ್ಲ ಒಟ್ಟಿಗೆ ಪಟಪಟ ಮಿನುಗುತ್ತಿದ್ದವು. ನಾನು ಸಿಡಿಲು ಹೊಡೆದಿದೆ ಅಂತ ಸುಮ್ನೆ ರೌಟರ್ ಬಿಚ್ಚಿ ಕೂತಿದ್ದೆ.

ಇದಕ್ಕೆ ಮದ್ದು ಸ್ಪ್ಯಾನಿಂಗ್ ಟ್ರೀ (ಎಸ್‌ಟಿಪಿ), 1985ರಲ್ಲಿ ಕಂಪ್ಯೂಟರ್ ವಿಜ್ಞಾನಿ ರಾಡಿಯಾ ಪರ್ಲ್‌ಮನ್ ಕಂಡುಹಿಡಿದದ್ದು. ಸ್ವಿಚ್‌ಗಳು 2 ಸೆಕೆಂಡಿಗೊಮ್ಮೆ ಸಣ್ಣ ಸಂದೇಶ ಕಳಿಸಿಕೊಂಡು ಒಂದನ್ನು ರೂಟ್ (ಬೇರು, ಅಂದರೆ ಮುಖ್ಯ ಸ್ವಿಚ್) ಅಂತ ಒಪ್ಪಿಕೊಳ್ಳುತ್ತವೆ. ರೂಟ್ ಕಡೆಗೆ ಹತ್ತಿರದ ದಾರಿ ಉಳಿಸಿ, ಹೆಚ್ಚುವರಿ ದಾರಿಯ ಒಂದು ಪೋರ್ಟನ್ನು ಬ್ಲಾಕಿಂಗ್‌ನಲ್ಲಿ ಇಡುತ್ತವೆ. ಆ ಪೋರ್ಟ್ ಡೇಟಾ ಬಿಡುವುದಿಲ್ಲ, ಆದರೆ ಸಂದೇಶ ಕೇಳುತ್ತಲೇ ಇರುತ್ತದೆ.

ಹೊಸ ಕೇಬಲ್ ಚುಚ್ಚಿದರೆ 15 ಸೆಕೆಂಡ್ ಲಿಸನಿಂಗ್: ಲೂಪ್ ಆಗುತ್ತಾ ಅಂತ ಕೇಳುವುದು. ಮತ್ತೆ 15 ಸೆಕೆಂಡ್ ಲರ್ನಿಂಗ್: ಯಾವ ಮ್ಯಾಕ್ ವಿಳಾಸ (ಸಾಧನದ ಗುರುತು ಸಂಖ್ಯೆ) ಎಲ್ಲಿದೆ ಅಂತ ಬರೆದುಕೊಳ್ಳುವುದು. ಆಮೇಲೇ ಫಾರ್ವರ್ಡಿಂಗ್: ಡೇಟಾ ಬಿಡುವುದು. ನಿಮ್ಮ ಅರ್ಧ ನಿಮಿಷ ಅದೇ, ಅಲ್ವಾ? ದೂರದ ಲೈನ್ ಕಡಿದದ್ದು ನೇರವಾಗಿ ಗೊತ್ತಾಗದಿದ್ದರೆ 20 ಸೆಕೆಂಡ್ ಜಾಸ್ತಿ ಕಾಯುತ್ತದೆ, ಒಟ್ಟು 50.

ಕಾಯುವುದು ಬೇಡ ಅಂದರೆ ಸೆಟ್ಟಿಂಗ್‌ನಲ್ಲಿ ಆರ್‌ಎಸ್‌ಟಿಪಿ, ಅಂದರೆ ಸ್ಪ್ಯಾನಿಂಗ್ ಟ್ರೀಯ ವೇಗದ ರೂಪ, ಆರಿಸಿ. ಎರಡೂ ಸ್ವಿಚ್‌ಗೆ ಅದು ಬರುವುದಾದರೆ ದಾರಿ ಬದಲಾವಣೆ ಕೆಲವೇ ಸೆಕೆಂಡಿನ ಕೆಲಸ. ಕ್ಯಾಮೆರಾ, ಕಂಪ್ಯೂಟರ್ ಇರುವ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ (ಮುಂದೆ ಬೇರೆ ಸ್ವಿಚ್ ಇಲ್ಲದ ಕೊನೆಯ ಪೋರ್ಟ್) ಮಾಡಿ, ತಕ್ಷಣ ಚಾಲೂ ಆಗುತ್ತವೆ. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಪೋರ್ಟಿಗೆ ಮಾತ್ರ ಎಡ್ಜ್ ಹಾಕಬೇಡಿ. ಎಸ್‌ಟಿಪಿಯನ್ನೇ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಮನೆಯಿಂದ ಕಣಕ್ಕೆ 100 ಮೀಟರ್ ದಾಟಿದರೆ ತಾಮ್ರದ ಕೇಬಲ್ ಬೇಡ, ಫೈಬರ್ ಹಾಕಿ. ಹತ್ತಿರವಿದ್ದರೂ ನಾನು ಫೈಬರ್ ಅನ್ನೇ ಹೇಳುವುದು. ಏಪ್ರಿಲ್ ಸಿಡಿಲಿಗೆ ನನ್ನ ಎರಡು ಸ್ವಿಚ್ ಸುಟ್ಟಿವೆ; ಫೈಬರ್‌ನಲ್ಲಾದರೆ ಕರೆಂಟ್ ಹರಿಯುವುದಿಲ್ಲ.